ಕೈಯಿಂದ ತಳ್ಳುವ ಹುಲ್ಲಿನ ಮಷೀನು

ಜೂನ್ ೩, ಸೋಮವಾರ

ಪೂಜೆಗೆ ಹೂ ಹರಿಯಲು ಹೋದಾಗ ಲಾನಿನಲ್ಲಿ ಕಾಲಿಗೆ ಮೆತ್ತಗೆ ಏನೋ ಹತ್ತಿತು. ನೋಡಿದರೆ ಹಾವಿನ ಪೊರೆ. ನಮ್ಮ ಮನೆದೇವರು ಬೀರಪ್ಪನೇ ಕಾಪಾಡಿದ. ಯುಗಾದಿಯಾದ ಮೇಲೆ ಯಜಮಾನರಿಗೆ ಲಕ್ವಾ ಹೊಡೆದು ಆಸ್ಪತ್ರೆ ಸೇರಿದಾಗಿನಿಂದ ಹುಲ್ಲನ್ನು ಯಾರೂ ಮುಟ್ಟಿಲ್ಲ. ಮೊಣಕಾಲಿಗೆ ಬಂದಿದೆ.

ಪೆಟ್ರೋಲ್ ಮಷೀನು ತಂದು ಕೊಯ್ಯುತ್ತಿದ್ದ ಯಲ್ಲಾಲಿಂಗನಿಗೆ ಫೋನು ಹಚ್ಚಿದೆ. "ಆ ಹಿರ್ಯಾ ಸತ್ತ ಮ್ಯಾಲ ಫೋನ್ ಮಾಡ್ರಿ, ಪುಕ್ಕಟೆ ಕೊಯ್ದ ಕೊಡತೇನಿ" ಅಂದ. ಹೋದ ವರ್ಷ ಒಂದು ಮೂಲೆ ಬಹಳ ಗಿಡ್ಡವಾಯಿತೆಂದು ಯಜಮಾನರು ಅವನ ಕಪಾಳಕ್ಕೆ ಹೊಡೆದಿದ್ದರು. ಅವನು ಅಂದದ್ದರಲ್ಲೂ ತಪ್ಪಿಲ್ಲ.

ಈ ಲಾನು ಅವರ ಜೀವ. ಕಾಲುವೆ ಕೆಲಸದ ಗುತ್ತಿಗೆ ಹಿಡಿಯುತ್ತಿದ್ದಾಗ ಯಾವುದೋ ಸರಕಾರಿ ಬಂಗಲೆಯಲ್ಲಿ ಸಾಹೇಬರ ಹುಲ್ಲು ನೋಡಿಕೊಂಡು ಬಂದು, ಜಮಖಂಡಿಯ ಈ ಮನೆ ಕಟ್ಟಿಸುವಾಗ ಮುಂದೆ ಒಂದಿಷ್ಟು ಜಾಗದಲ್ಲಿ ಹಚ್ಚಿಸಿದರು. ದೊಡ್ಡದೇನಲ್ಲ. ಹತ್ತು ಹೊರಸು ಹಾಸಿದರೆ ತುಂಬಿತು. ಆದರೆ ಅದರ ಮೇಲೆ ಮನುಷ್ಯರು ಕಾಲಿಡುವಂತಿಲ್ಲ, ನಾಯಿ ಹಾಯುವಂತಿಲ್ಲ.

ವ್ಯಾಯಾಮ ಮಾಡಿಸಲು ಬರುವ ಸಂಧ್ಯಾ ಇಂದು ಒಂದು ಮಾತು ಹೇಳಿದಳು. ಯಜಮಾನರ ಬಲಗೈ, ಬಲಗಾಲು ಎರಡೂ ಹೋಗಿವೆ. ಮಾತೂ ಹೋಗಿದೆ. ನನ್ನನ್ನು ಕರೆಯುತ್ತಿದ್ದ "ಲೇ" ಒಂದು ಮಾತ್ರ ಉಳಿದಿದೆ. ನೀರಿಗೂ ಅದೇ, ಅನ್ನಕ್ಕೂ ಅದೇ, ಸಿಟ್ಟಿಗೂ ಅದೇ. "ಮಳಿಗಾಲ ಮುಗಿಯೂದ್ರಾಗ ಕಾಲ ಬಂದ್ರ ಬಂತು ಕಾಕೂ. ಇಲ್ಲಂದ್ರ ಮುಂದ ಹಾಸಿಗೀನ" ಅಂದಳು. ಆಮೇಲೆ ಅವರು ಎಲ್ಲಿ ನೋಡುತ್ತಿದ್ದಾರೆಂದು ತಾನೂ ನೋಡಿದಳು. "ಕಾಕಾರಿಗೆ ಆ ಹುಲ್ಲಿನ ಮ್ಯಾಲ ಬಾಳ ಜೀವ ಐತೆಲ್ಲ. ಕೈಲೆ ತಳ್ಳೂ ಮಷಿನ್ ಸಿಗತಾವ ನೋಡ್ರಿ. ಕರೆಂಟಿಲ್ಲ, ಪೆಟ್ರೋಲಿಲ್ಲ. ಹಿಡಿಕಿ ಹಿಡಕೊಂಡ ನಡದ್ರ ವ್ಯಾಯಾಮಾನೂ ಆತು, ಹುಲ್ಲೂ ಕೊಯ್ದಂಗ ಆತು. ಹಗುರಂದು ತರ್ರಿ ಮತ್ತ."

ಅವರು "ಲೇ" ಅಂದರು. ಇದು ಖುಷಿಯ ಲೇ. ಮದುವೆಯಾಗಿ ಇಷ್ಟು ವರ್ಷದಲ್ಲಿ ಈ ಬಗೆಯದನ್ನು ನಾನು ಕೇಳಿರಲಿಲ್ಲ.

ಜೂನ್ ೬, ಗುರುವಾರ

ಮುಧೋಳಕ್ಕೆ ಹೋಗಿದ್ದೆ. ಮಗಳು ರಂಜನಾಳ ಗಂಡ, ಅಳಿಯ ಶಶಿಕಾಂತನದು ಅಲ್ಲಿ ಸ್ಪ್ರೇ ಪಂಪು, ಪೈಪು ಮಾರುವ ಅಂಗಡಿ. ಎರಡು ಬಗೆಯ ಮಷೀನು ತರಿಸಿ ಇಟ್ಟಿದ್ದ. ಗೋದಾಮಿನ ಹಿಂದಿನ ಹುಲ್ಲಿನಲ್ಲಿ ಎರಡನ್ನೂ ನಾನೇ ತಳ್ಳಿ ನೋಡಿದೆ.

ಮಷೀನು ಅಂದರೆ ಅದರಲ್ಲಿ ಎಂಜಿನ್ನಿಲ್ಲ. ಎರಡು ಗಾಲಿ, ನಡುವೆ ಬುಗುರಿಯಂತೆ ಸುತ್ತುವ ಅಲಗುಗಳು, ಕೆಳಗೆ ಸುತ್ತದೆ ಇರುವ ಒಂದು ಅಲಗು. ತಳ್ಳಿದರೆ ಗಾಲಿ ತಿರುಗುತ್ತದೆ, ಗಾಲಿ ತಿರುಗಿದರೆ ಅಲಗು ತಿರುಗುತ್ತದೆ, ಹುಲ್ಲು ಎರಡರ ನಡುವೆ ಸಿಕ್ಕು ಕತ್ತರಿಯಲ್ಲಿ ಸಿಕ್ಕಂತೆ ಕಚ್ಚೆಂದು ಬೀಳುತ್ತದೆ. ಮನುಷ್ಯ ನಿಂತರೆ ಅದೂ ನಿಂತಿತು.

ಮೊದಲನೆಯದು ಪ್ಲಾಸ್ಟಿಕ್ ಗಾಲಿಯದು, ಕಿರಿದು. ಮಕ್ಕಳ ಆಟದ ಗಾಡಿಯಂತೆ ಓಡಿತು. "ಇದನ್ನ ಒಯ್ರಿ ಅತ್ತಿ. ರಂಜನಾ ಒಂದ ಕೈಲೆ ಎತ್ತತಾಳ" ಅಂದ ಶಶಿಕಾಂತ. ಎರಡನೆಯದು ಕಬ್ಬಿಣದ್ದು. ಅಲಗು ಅಗಲ, ಹಿಂದೊಂದು ಕಬ್ಬಿಣದ ಉರುಳೆ. ಅದನ್ನು ಅಲುಗಾಡಿಸಲು ನಾನು ಎದೆ ಕೊಟ್ಟು ತಳ್ಳಬೇಕಾಯಿತು.

"ಅದನ್ಯಾಕ ಹಿಡಿದ್ರಿ? ಅದು ಜಿಮ್ಮಿಗೆ ಹೋಗೂ ಹುಡುಗೂರಿಗೆ. ಅಲಗ ಅಗಲ ಇದ್ದಷ್ಟು ರಟ್ಟಿ ಗಟ್ಟಿ ಇರಬೇಕು. ಮಾವಾರ ಕಡೆ ಆಗಂಗಿಲ್ಲ."

"ಹಗುರಂದು ಹಿಡದ್ರ ಅದು ಮುಂದ ಓಡತೈತಿ, ಅವ್ರು ಹಿಂದ ಬೀಳತಾರ. ಭಾರಂದು ಜಗ್ಗಂಗಿಲ್ಲ. ಆಸರಾ ಆಕೈತಿ" ಅಂದೆ.

ಶಶಿಕಾಂತ ತಲೆ ಕೆರೆದುಕೊಂಡ. "ಅದೂ ಖರೇನ" ಅಂದ.

ಬಿದ್ದ ಹುಲ್ಲು ಸೇರಲು ಹಿಂದೆ ಒಂದು ಚೀಲ ಕಟ್ಟುತ್ತಾರೆ. ಅದು ಬೇಡ ಅಂದೆ. ಬಾಗಿ ಬಾಗಿ ಆರಿಸಿದರೆ ನಡುವಿಗೂ ವ್ಯಾಯಾಮವಾಗುತ್ತದೆ.

ಬಸ್ಸಿನಲ್ಲಿ ಬರುವಾಗ ಮತ್ತೆ ಮತ್ತೆ ಯೋಚಿಸಿದೆ. ಒಳ್ಳೆಯದಕ್ಕೇ ಆರಿಸಿದ್ದೇನೆ.

ಜೂನ್ ೯, ರವಿವಾರ

ಮಷೀನು ಬಂತು. ಉದ್ದ ಹುಲ್ಲಿಗೆ ಇದು ನಡೆಯುವುದಿಲ್ಲವಂತೆ, ಅದಕ್ಕೆ ನಿನ್ನೆ ಆಳು ಹಚ್ಚಿ ಕುಡಗೋಲಿನಿಂದ ಮೇಲುಮೇಲೆ ತೆಗೆಸಿದ್ದೆ. ಮಷೀನಿಗೆ ಬೀರಪ್ಪನ ಭಂಡಾರದ ಅರಿಷಿಣ ಹಚ್ಚಿ, ಗಾಲಿಗೆ ನಿಂಬೆಹಣ್ಣು ಇಟ್ಟು, ಕಾಯಿ ಒಡೆದೆ. ಯಜಮಾನರ ಹಣೆಗೂ ಭಂಡಾರ ಹಚ್ಚಿದೆ. ಪಕ್ಕದ ಮನೆಯ ಶಿವವ್ವ ಗೋಡೆಯ ಮೇಲೆ ಮೊಣಕೈ ಊರಿ ನಿಂತಿದ್ದಳು, ಅವಳ ಹಿಂದೆ ಅವಳ ಮನೆಯವರೆಲ್ಲ.

ಯಜಮಾನರು ಎಡಗೈಯಿಂದ ಹಿಡಿಕೆ ಹಿಡಿದು, ಬಲಗೈಯನ್ನು ಅದರ ಮೇಲೆ ಇಟ್ಟು, ತಳ್ಳಿದರು. ಮಷೀನು ಕದಲಲಿಲ್ಲ. ಇನ್ನೊಮ್ಮೆ ತಳ್ಳಿದರು. ಒಂದು ಮೊಳ ಮುಂದೆ ಹೋಯಿತು. ಬಲಗಾಲು ಹಿಂದೆಯೇ ಉಳಿದು ಮೊಣಕಾಲೂರಿ ಬಿದ್ದರು.

"ಏನ ಸತ್ಯಕ್ಕಾ, ಸಾಹುಕಾರಗ ಗಳೆ ಹೂಡಿಸೀದಿ!" ಅಂದಳು ಶಿವವ್ವ. "ಜೋಡ ಎತ್ತ ಎಲ್ಲೈತಿ?"

ಗೋಡೆಯ ಆಚೆಯವರೆಲ್ಲ ನಕ್ಕರು. ಯಜಮಾನರು ಅವಳ ಕಡೆ ತಿರುಗಿ "ಲೇ!" ಅಂದರು. ಅದಕ್ಕೆ ಇನ್ನಷ್ಟು ನಕ್ಕರು. ನನಗೂ ನಗು ಬಂತು, ಸೆರಗು ಬಾಯಿಗೆ ಹಿಡಿದೆ. ದೇವರು ಕ್ಷಮಿಸಲಿ.

ಜೂನ್ ೧೦, ಸೋಮವಾರ

ಇಂದು ಹಿಡಿಕೆ ಮುಟ್ಟಲು ಒಲ್ಲೆನೆಂದು ತಲೆ ಅಲ್ಲಾಡಿಸಿದರು. ಮುಖ ತಿರುಗಿಸಿ ಕುಳಿತರು. ಆ ಕಡೆಯಿಂದ ಈ ಕಡೆಗೆ ಒಂದು ಸಾಲು ತಳ್ಳಿದರೆ ಚಹಾ, ಇಲ್ಲದಿದ್ದರೆ ಇಲ್ಲ ಅಂದೆ. ಚಿಕ್ಕ ಮಕ್ಕಳಿಗೂ ಹೀಗೆಯೇ ಕಲಿಸುತ್ತೇವೆ. ಮಧ್ಯಾಹ್ನದ ಹೊತ್ತಿಗೆ ಒಂದು ಸಾಲು ಆಯಿತು. ಚಹಾ ಆರಿತ್ತು. ಮತ್ತೆ ಕಾಸಲು ಗ್ಯಾಸ್ ಯಾಕೆ ಸುಡಬೇಕು, ಹಾಗೇ ಕೊಟ್ಟೆ.

ಜೂನ್ ೧೫, ಶನಿವಾರ

ಬಲಗೈ ಹಿಡಿಕೆಯಿಂದ ಜಾರುತ್ತದೆ. ಅದನ್ನು ಬಟ್ಟೆಯಿಂದ ಹಿಡಿಕೆಗೆ ಕಟ್ಟಿರಿ ಎಂದು ಸಂಧ್ಯಾ ಹೇಳಿ ಹೋಗಿದ್ದಳು. ಸಡಿಲ ಕಟ್ಟಿರಿ, ನೀವು ಪಕ್ಕದಲ್ಲೇ ಇರಿ ಎಂದೂ ಹೇಳಿದ್ದಳು. ಸಡಿಲ ಕಟ್ಟಿದರೆ ಮತ್ತೆ ಜಾರುತ್ತದೆ. ಹಳೆಯ ಸೀರೆಯ ಅಂಚು ಹರಿದು ಬಿಗಿಯಾಗಿ ಕಟ್ಟಿದೆ. ಎರಡೂ ಕೈ ಸಮ ಇರಲಿ ಎಂದು ಎಡಗೈಯನ್ನೂ ಕಟ್ಟಿದೆ.

ಆಮೇಲೆ ಪೂಜೆಗೆ ಕುಳಿತೆ. ಕಣ್ಣು ಮುಚ್ಚಿದ ಕೂಡಲೇ ಹೊರಗಿನಿಂದ "ಲೇ, ಲೇ" ಎಂದು ಕೂಗು ಶುರುವಾಯಿತು. ದೇವರ ಮುಂದೆ ಕುಳಿತವಳು ನಡುವೆ ಏಳಬಾರದು, ನಮ್ಮವ್ವ ಕಲಿಸಿದ್ದು ಹಾಗೆ. ಜಪ ಮುಗಿಸಿದೆ. ಆರತಿ ಬೆಳಗಿದೆ. ಮನೆಯ ಮೂಲೆಮೂಲೆಗೆ ಊದಿನಕಡ್ಡಿ ತೋರಿಸಿದೆ. ದೇವರ ಸಾಮಾನು ತಿಕ್ಕಿ ಬಹಳ ದಿನವಾಗಿತ್ತು, ಅದನ್ನೂ ತಿಕ್ಕಿ ಇಟ್ಟೆ. ಅಷ್ಟರಲ್ಲಿ ಕೂಗು ನಿಂತಿತ್ತು.

ಹೊರಗೆ ಬಂದರೆ ಬಿಸಿಲು ನೆತ್ತಿಗೆ ಏರಿದೆ. ಲಾನಿನ ನಡುವೆ ಮಷೀನಿನ ಮೇಲೆ ಬಾಗಿ ನಿಂತಿದ್ದಾರೆ. ಕೂಡ್ರುವಂತಿಲ್ಲ, ಬರುವಂತಿಲ್ಲ. ಧೋತರ ತೋಯ್ದಿತ್ತು. ಶಿವವ್ವನ ಮನೆಯ ಕಿಟಕಿ ತೆರೆದಿತ್ತು.

ಈ ಮನೆಗೆ ಬಂದ ಹೊಸದರಲ್ಲಿ ಆ ಹುಲ್ಲಿನ ಮೇಲೆ ಸೀರೆ ಹಾಸಿ ಸಂಡಿಗೆ ಒಣಗಿಸಿದ್ದೆ. ಹುಲ್ಲು ಹಳದಿಯಾಯಿತೆಂದು ನನ್ನನ್ನು ಅದೇ ಜಾಗದಲ್ಲಿ ಬಿಸಿಲಿಗೆ ನಿಲ್ಲಿಸಿ, ತಾವು ಕಟ್ಟೆಯ ಮೇಲೆ ಕುಳಿತು ಪೇಪರು ಓದಿದ್ದರು. ಓಣಿಯೆಲ್ಲ ನೋಡಿತ್ತು. ಅದು ಈಗ ಯಾಕೆ ನೆನಪಾಯಿತೋ ಗೊತ್ತಿಲ್ಲ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದು ಔಷಧ.

ಬಿಸಿನೀರಿನಿಂದ ಮೈ ತೊಳೆದು, ಒಗೆದ ಧೋತರ ಉಡಿಸಿ, ಭಂಡಾರ ಹಚ್ಚಿದೆ. ಸೇವೆಯಲ್ಲಿ ನಾನು ಕಡಿಮೆ ಮಾಡಿಲ್ಲ.

ಜೂನ್ ೧೬, ರವಿವಾರ

ಬರೆಯುವಂಥದ್ದು ಏನಿಲ್ಲ. ಬಹಳ ದಿನದ ಮೇಲೆ ಗಡದ್ದಾಗಿ ನಿದ್ದೆ ಬಂತು.

ಜೂನ್ ೨೫, ಮಂಗಳವಾರ

ಹುಲ್ಲು ಗಿಡ್ಡವಾದ ಮೇಲೆ ಮಷೀನು ಸಲೀಸಾಗಿ ಓಡುತ್ತಿದೆ. ಸಲೀಸಾದರೆ ವ್ಯಾಯಾಮ ಎಲ್ಲಿ ಬಂತು? ಶಶಿಕಾಂತನಿಗೆ ಯೂರಿಯಾ ಕಳಿಸಲು ಹೋದ ವಾರವೇ ಹೇಳಿದ್ದೆ.

"ಅತ್ತಿ, ಹುಲ್ಲ ಒತ್ತಾಗಿ ಬಂದಷ್ಟೂ ಮಷಿನ್ ಜಡ ಆಕೈತ್ರಿ."

"ಬರಲಿ ಬಿಡ್ರಿ. ಹಸರ ನೋಡಿದ್ರ ಅವರ ಜೀವಕ್ಕ ಹಿತ."

ಯೂರಿಯಾ ಬಂದ ಮೇಲೆ, ಮಳೆ ಬರುವ ಮುಂದೆ ಹುಲ್ಲಿಗೆ ಉಗ್ಗಿದೆ. ಅಲಗನ್ನು ಮೇಲೆ ಕೆಳಗೆ ಮಾಡುವ ಹಿಡಿ ಒಂದು ಗಾಲಿಯ ಹತ್ತಿರ ಇದೆ. ಅದನ್ನು ಎಲ್ಲಕ್ಕಿಂತ ಕೆಳಗಿನ ಹಲ್ಲಿಗೆ ಇಳಿಸಿದೆ. ಈಗ ಪ್ರತಿ ಹೆಜ್ಜೆಗೂ ಉಸಿರು ಕಟ್ಟಿ ತಳ್ಳುತ್ತಾನೆ ಮನುಷ್ಯ. ಊಟಕ್ಕೆ ಕುಳಿತರೆ ತುತ್ತು ಬಾಯಲ್ಲಿರುವಾಗಲೇ ಕಣ್ಣು ಮುಚ್ಚುತ್ತವೆ. ಗಲ್ಲ ಹಿಡಿದು ಅಲ್ಲಾಡಿಸಿ ಎಬ್ಬಿಸಬೇಕು.

ಬಿದ್ದ ಹುಲ್ಲನ್ನೂ ಆತನೇ ಆರಿಸುತ್ತಾನೆ. ಒಂದು ಎಸಳು ಉಳಿದರೂ ತೋರಿಸುತ್ತೇನೆ.

ಜುಲೈ ೪, ಗುರುವಾರ

ಆತ ನಡೆದ.

ಮಷೀನು ಹಿಡಿದು ಆ ಕಡೆಯ ಗೋಡೆಯವರೆಗೆ ಹೋದವನು ಅದನ್ನು ಅಲ್ಲೇ ಬಿಟ್ಟು, ಬರೇ ಕೈಯಲ್ಲಿ ಕಟ್ಟೆಯವರೆಗೆ ಬಂದ. ಬಲಗಾಲು ಎಳೆಯಿತು, ಆದರೆ ಬಂತು. ಸಂಧ್ಯಾ ಫೋನು ಹಿಡಿದು ವಿಡಿಯೋ ಮಾಡಿಕೊಂಡಳು. ಕುಣಿಯುವುದೊಂದು ಬಾಕಿ.

"ಕಾಕೂ, ಮನಿಗೊಬ್ರು ನಿಮ್ಮಂಥವ್ರು ಇದ್ರ ನಮ್ಮಂಥವ್ರಿಗೆ ಕೆಲಸಾನ ಇರೂದಿಲ್ಲ! ನಾ ಹಗುರಂದು ತರ್ರಿ ಅಂದಿದ್ನಿ, ನೀವು ಭಾರಂದು ತಂದಿದ್ದ ಛಲೋ ಆತು. ಆಸರಾ ಆತು ನೋಡ್ರಿ."

ನನ್ನ ಮಾತನ್ನೇ ಅವಳ ಬಾಯಲ್ಲಿ ಕೇಳಿದೆ. ಉಂಡು ಹೋಗು ಅಂದೆ.

ವಿಡಿಯೋ ಮಗಳಿಗೂ ಹೋಯಿತು. ರಂಜನಾ ಅಳುತ್ತ ಫೋನು ಮಾಡಿದಳು. "ಯವ್ವಾ, ಅಪ್ಪ ಮೊದಲಿನಂಗ ಆಕ್ಕಾನ ಬೇ! ಪೂರಾ ಮೊದಲಿನಂಗ!"

ಹೌದವ್ವ ಅಂದೆ. ದೇವರ ಕೋಣೆಗೆ ಹೋಗಿ ದೀಪದ ಬತ್ತಿ ಸರಿಮಾಡಿದೆ. ಏನು ಬೇಡಿಕೊಳ್ಳಬೇಕೋ ನಾಲಿಗೆಗೆ ಬರಲಿಲ್ಲ. ಪೂರಾ ಮೊದಲಿನಂತೆ, ಅಂದಳು ಮಗಳು.

ಜುಲೈ ೫, ಶುಕ್ರವಾರ

ಮಣ್ಣೆತ್ತಿನ ಅಮಾವಾಸ್ಯೆ. ಎತ್ತು ಮಾಡಿದೆ. ಒಂದರ ಕೋಡು ನಿಲ್ಲಲೇ ಇಲ್ಲ.

ಜುಲೈ ೧೧, ಗುರುವಾರ

ಮುಂಜಾನೆ ನಾನು ಏಳುವ ಮೊದಲೇ ಅವರು ಎದ್ದು ಹೊರಗೆ ಹೋಗಿದ್ದರು. ಬಾಗಿಲು ತೆರೆದಿತ್ತು. ಮಷೀನಿನ ಕಚಕಚ ಸದ್ದು ಕೇಳುತ್ತಿತ್ತು. ಯಾರೂ ಕೈ ಕಟ್ಟಿರಲಿಲ್ಲ. ಅಲಗಿನ ಹಿಡಿಯನ್ನು ತಾವೇ ಮೇಲಿನ ಹಲ್ಲಿಗೆ ಏರಿಸಿಕೊಂಡಿದ್ದರು. ಇಡೀ ಲಾನು ಕೊಯ್ದಾಗಿತ್ತು. ಒಂದು ಸಾಲು ಹೋಗುತ್ತ, ಒಂದು ಸಾಲು ಬರುತ್ತ ಕೊಯ್ದರೆ ಹುಲ್ಲು ಆ ಕಡೆ ಈ ಕಡೆ ಮಲಗಿ ತಿಳಿಹಸಿರು, ಕಡುಹಸಿರು ಪಟ್ಟೆ ಬೀಳುತ್ತವೆ. ಹೊಸ ಕುಬಸದ ಕಣದಂತೆ ಕಾಣುತ್ತಿತ್ತು.

ನಾನು ಒಗೆದ ಬಟ್ಟೆಯ ಬಕೆಟ್ ಹಿಡಿದು ಹಗ್ಗದ ಕಡೆ ಹೊರಟೆ. ದಾರಿಯಲ್ಲಿ ಮಳೆನೀರು ನಿಂತಿತ್ತು. ಅಂಚಿನಲ್ಲಿ ಹುಲ್ಲಿನ ಮೇಲೆ ಒಂದು ಹೆಜ್ಜೆ ಇಟ್ಟೆ.

"ಲೇ!"

ಹಳೆಯ ದನಿ. ಎಡಗೈ ಮೇಲೆತ್ತಿದ್ದರು.

ಬಕೆಟ್ ಕೈಯಿಂದ ಬಿತ್ತು. ನಾನು ಹೋಗಿ ಗೇಟಿನ ಕಂಬಕ್ಕೆ ಬೆನ್ನು ಹಚ್ಚಿ ನಿಂತಿದ್ದೆ. ಯಾವಾಗ ಹೋದೆನೋ ಗೊತ್ತಿಲ್ಲ, ಕಾಲು ತಾವೇ ಒಯ್ದಿದ್ದವು.

ಆಮೇಲೆ ಅವರು ನಕ್ಕರು. ಅರ್ಧ ಬಾಯಿಯಿಂದ ನಕ್ಕರು. ಎತ್ತಿದ ಕೈಯಿಂದ ಹುಲ್ಲಿನ ಪಟ್ಟೆಗಳನ್ನು ತೋರಿಸಿದರು. ನೋಡು ಎನ್ನಲು ಕೈ ಎತ್ತಿದ್ದರೋ, ಕಾಲಿಡಬೇಡ ಎನ್ನಲು ಎತ್ತಿದ್ದರೋ. ನೋಡಿದೆ, ಛಲೋ ಆಗಿದೆ ಅಂದೆ. ಒಳಗೆ ಬಂದು ಸೀರೆ ಬದಲಿಸಿದೆ. ಸೀರೆ ತೋಯ್ದದ್ದು ಬಕೆಟಿನ ನೀರಿನಿಂದಲ್ಲ.

ಜುಲೈ ೧೫, ಸೋಮವಾರ

ಬೀರಪ್ಪನ ಗುಡಿಗೆ ಹೋಗಿ ಪ್ರಸಾದ ಕೇಳಿದೆ. ದೇವರ ಮೈಗೆ ಒದ್ದೆ ಹೂ ಹಚ್ಚುತ್ತಾರೆ. ಬಲಕ್ಕೆ ಬಿದ್ದರೆ ಹೌದು, ಎಡಕ್ಕೆ ಬಿದ್ದರೆ ಬೇಡ. "ಏನ ಕೇಳೂದೈತಿ ಮನಸಿನ್ಯಾಗ ಕೇಳ್ಕೊ ಯವ್ವಾ" ಅಂದರು ಪೂಜಾರಿ ರಾಚಪ್ಪ.

ಯಜಮಾನರು ನಡೆಯಬೇಕೋ ಬೇಡವೋ ಎಂದು ಕೇಳುವಂಥ ಪಾಪಿ ನಾನಲ್ಲ. ನಾನು ಹುಟ್ಟಿದ್ದು ಕುರಿ ಕಾಯುವ ಮನೆಯಲ್ಲಿ. ಬೆಳೆ ತೆಗೆದ ಹೊಲದಲ್ಲಿ ರಾತ್ರಿ ಕುರಿ ಕೂಡ್ರಿಸುವುದು ನಮ್ಮಲ್ಲಿ ಪುಣ್ಯದ ಕೆಲಸ. ಹಿಕ್ಕೆ, ಉಚ್ಚೆ ಮಣ್ಣಿಗೆ ಬಿದ್ದರೆ ವರ್ಷಗಟ್ಟಲೆ ಬೇರೆ ಗೊಬ್ಬರ ಬೇಡ. ಹೊಲದವರು ಕುರಿಯವರನ್ನು ಕರೆದು, ಕಾಳು ಕೊಟ್ಟು ಕೂಡ್ರಿಸಿಕೊಳ್ಳುತ್ತಾರೆ. ಯಜಮಾನರೂ ಅದೇ ಕುಲದವರೇ, ಆದರೆ ಗುತ್ತಿಗೆದಾರರಾದ ಮೇಲೆ ನನ್ನ ತಮ್ಮನ ಕುರಿ ಓಣಿಯಲ್ಲಿ ಹಾಯ್ದರೂ ಮೂಗು ಮುಚ್ಚಿಕೊಳ್ಳುತ್ತಿದ್ದರು. ಇಷ್ಟು ವರ್ಷವಾದರೂ ಈ ಮನೆಯ ಮಣ್ಣಿಗೆ ದೇವರ ಕುರಿಯ ಕಾಲು ತಾಗಿಲ್ಲ. ಆ ಹುಲ್ಲಿನ ಮೇಲೆ ಒಂದು ರಾತ್ರಿ ನಿನ್ನ ಕುರಿ ಕೂಡ್ರಿಸಲೇನಪ್ಪಾ ಎಂದಷ್ಟೇ ಕೇಳಿದೆ.

ಹೂ ಎಡಕ್ಕೆ ಬಿತ್ತು. ಬಾಗಿಲಿನಿಂದ ಗಾಳಿ ಬರುತ್ತಿತ್ತು, ಅದನ್ನು ಲೆಕ್ಕಕ್ಕೆ ಹಿಡಿಯಬಾರದು. ಬಾಗಿಲು ಹಾಕಿಸಿ ಮತ್ತೆ ಕೇಳಿದೆ. ಹೂ ಬೀಳಲೇ ಇಲ್ಲ. ರಾಚಪ್ಪ ಆಕಳಿಸಿದರು, ನಾಳೆ ಬಾ ಅಂದರು. ನಾನು ಕುಳಿತೇ ಇದ್ದೆ. ಕಡೆಗೆ ಬಲಕ್ಕೆ ಬಿತ್ತು.

ದೇವರು ಹೌದು ಅಂದ ಮೇಲೆ ನನ್ನದೇನಿದೆ?

ಜುಲೈ ೧೯, ಶುಕ್ರವಾರ

ತಮ್ಮ ಭೀಮಶಿ ಫೋನು ಮಾಡಿದ್ದ. "ಅಕ್ಕಾ, ತುಬಚಿ ಕಡೆ ಹೊಳಿ ಏರಾಕತ್ತೇತಿ. ಕುರಿ ಹೊಡಕೊಂಡ ಜಮಖಂಡಿ ದಿಕ್ಕಿಗೆ ಹೊಂಟೇನಿ."

"ಇವತ್ತ ರಾತ್ರಿ ನಮ್ಮ ಮನಿ ಮುಂದ ಕೂಡ್ರಸ."

"ಭಾವಾರು ನನ್ನ ಚರ್ಮಾ ಸುಲೀತಾರ" ಅಂದ.

"ಅವರ ಬಾಯಾಗ ಒಂದ ಮಾತೈತಿ. ಅದಕ್ಕ ಅಂಜತೀಯೇನು?"

"ಹಂಗಲ್ಲಕ್ಕಾ. ಅದೇನ ಎರಿ ಹೊಲಾ ಅಲ್ಲ. ಇಷ್ಟ ಸಣ್ಣ ಜಾಗಾದಾಗ, ಹಸೀ ಹುಲ್ಲಿನ ಮ್ಯಾಲ, ಇಷ್ಟೆಲ್ಲಾ ಕುರಿ ಕುಂತ್ರ ಉಚ್ಚಿಗೇ ಸುಟ್ಟ ಹೋಗತೈತಿ. ನಿನಗ ನಾ ಹೇಳಬೇಕ?"

"ಬೀರಪ್ಪ ಪ್ರಸಾದ ಕೊಟ್ಟಾನೋ ತಮ್ಮಾ."

"ಆತು ಹಂಗಾರ" ಅಂದು ಫೋನು ಇಟ್ಟ.

ಹೊತ್ತು ಮುಳುಗುವ ಹೊತ್ತಿಗೆ ಭೀಮಶಿ ಕುರಿ ಹೊಡೆದುಕೊಂಡು ಬಂದ. ಯಜಮಾನರಿಗೆ ಬೇಗ ಉಣ್ಣಿಸಿ, ಗುಳಿಗೆ ಕೊಟ್ಟು, ಹಿಂದಿನ ಕೋಣೆಯಲ್ಲಿ ಮಲಗಿಸಿದೆ. ಗೇಟು ತೆರೆದು ಮೊದಲ ಟಗರಿಗೆ ಭಂಡಾರ ಹಚ್ಚಿ ಒಳಗೆ ಬಿಟ್ಟೆ. ಎಷ್ಟು ವರ್ಷವಾಗಿತ್ತು ಆ ವಾಸನೆ. ಅವ್ವನ ಕಂಬಳಿಯ ವಾಸನೆ.

ಜುಲೈ ೨೦, ಶನಿವಾರ

ಮುಂಜಾನೆ ಕುರಿ ಓಣಿಗೆ ಹೊರಟಿದ್ದವು. ಭೀಮಶಿ ಕಟ್ಟೆಯ ಮೇಲೆ ಕುಳಿತು ಚಹಾ ಕುಡಿಯುತ್ತಿದ್ದ. ಆಗ ಆತ ಕೋಲಿಲ್ಲದೆ, ಗೋಡೆ ಹಿಡಿಯದೆ ಹೊರಗೆ ಬಂದ. ಮುಖ ತೊಳೆದು, ಒಗೆದ ಅಂಗಿ ತಾನೇ ಹಾಕಿಕೊಂಡಿದ್ದ. ಗುಂಡಿ ಮೇಲೆ ಕೆಳಗಾಗಿದ್ದವು.

ಲಾನು ಅಂಬುವುದು ಇರಲಿಲ್ಲ. ಮೇದು, ತುಳಿದು, ಕಲಸಿ ಕರಿ ರಾಡಿಯಾಗಿತ್ತು. ಅದರಿಂದ ಹಬೆ ಏಳುತ್ತಿತ್ತು.

ಕಟ್ಟೆಯ ತುದಿಯಲ್ಲಿ ನಿಂತ. ನಾನು ಬಾಗಿಲಲ್ಲಿದ್ದೆ. ಬೈಯುತ್ತಾನೆ, ಲೇ ಅನ್ನುತ್ತಾನೆ ಎಂದು ಕಾದೆ. ಆತ ಮೂಲೆಗೆ ಹೋಗಿ ಮಷೀನು ತೆಗೆದ. ರಾಡಿಗೆ ಇಳಿಸಿ ತಳ್ಳಿದ. ಗಾಲಿ ಹೂತವು. ಹಿಕ್ಕೆಯೂ ಕೆಸರೂ ಸೇರಿ ಅಲಗು ಕಚ್ಚಿಕೊಂಡವು. ಹಿಂದೆ ಎಳೆದು ಮತ್ತೆ ತಳ್ಳಿದ. ಕೊಯ್ಯಲು ಅಲ್ಲಿ ಏನಿತ್ತು? ಆದರೂ ತಳ್ಳಿದ.

"ಭಾವಾರ, ಬಿಡ್ರಿ, ಬಿಡ್ರಿ ಅದನ್ನ" ಅಂದ ಭೀಮಶಿ. "ಮತ್ತ ಬರತೈತಿ ಹುಲ್ಲ."

ಗೋಡೆಯ ಆಚೆಯಿಂದ ಶಿವವ್ವ ಮೂಗಿಗೆ ಸೆರಗು ಹಿಡಿದು, "ಏನ ಸತ್ಯಕ್ಕಾ ಇದು? ಓಣಿ ತುಂಬ ನಾತ!" ಅಂದಳು.

"ಪುಣ್ಯದ ವಾಸನಿ ಶಿವವ್ವಾ, ಮೂಗ ಯಾಕ ಮುಚ್ಚತೀದಿ" ಅಂದೆ.

ಅಷ್ಟರಲ್ಲಿ ಆತ ಜಾರಿ ಬೋರಲು ಬಿದ್ದ. ಭೀಮಶಿ ಬಟ್ಟಲು ಇಟ್ಟು ಓಡಿದ.

"ಎತ್ತಬ್ಯಾಡ ತಮ್ಮಾ" ಅಂದೆ. "ತಾವ ಏಳೂದ ಕಲೀಬೇಕು. ಸಂಧ್ಯಾ ಹೇಳ್ಯಾಳ."

ಭೀಮಶಿ ನಿಂತ. ಆತ ಎಡಗೈ ಊರಿದ, ಜಾರಿದ. ಮತ್ತೆ ಊರಿದ, ಮತ್ತೆ ಜಾರಿದ. ಮುಖವೆಲ್ಲ ರಾಡಿ. ಅಲ್ಲಿಂದ ತಲೆ ಎತ್ತಿ ನನ್ನ ಕಡೆ ನೋಡಿದ. ಅಳುತ್ತಿದ್ದ. ಗಂಡಸು ಅಷ್ಟು ಸದ್ದು ಮಾಡಿ ಅಳುವುದನ್ನು ನಾನು ಎಲ್ಲೂ ನೋಡಿಲ್ಲ. ಎಳೆ ಕುರಿಮರಿಯ ಹಾಗೆ.

ಭೀಮಶಿ ನನ್ನ ಮುಖ ನೋಡಿದ. ಬಹಳ ಹೊತ್ತು ನೋಡಿದ. ಆಮೇಲೆ ಹೋಗಿ ಅವನನ್ನು ಕಂಬಳಿಯಲ್ಲಿ ಸುತ್ತಿ ಎತ್ತಿಕೊಂಡು ಬಂದು ಒಳಗೆ ಹಾಕಿದ. ಕಂಬಳಿ ಬಿಟ್ಟೇ ಹೋದ. ತಮ್ಮನಿಗೆಂದು ರೊಟ್ಟಿ, ಶೇಂಗಾ ಹಿಂಡಿ ಕಟ್ಟಿ ಇಟ್ಟಿದ್ದೆ, ಅದನ್ನೂ ಮರೆತು ಹೋದ. ಹೋಗುತ್ತೇನಕ್ಕಾ ಅನ್ನುವುದನ್ನೂ ಮರೆತ. ಕುರಿಯ ಚಿಂತೆಯಲ್ಲಿದ್ದ, ಪಾಪ.

ಜುಲೈ ೨೮, ರವಿವಾರ

ರಾಡಿ ಆರಿದೆ. ಅಲ್ಲಲ್ಲಿ ಉಳಿದ ಬೇರು ಸುಟ್ಟು ಹಳದಿಯಾಗಿದೆ. ಮಷೀನು ಹೊರಗೇ ಇದೆ, ತುಕ್ಕು ಹಿಡಿಯುತ್ತಿದೆ. ಪ್ರತಿ ಸಲ ಒರೆಸಿ ಎಣ್ಣೆ ಹಚ್ಚಿಡಲು ಶಶಿಕಾಂತ ಹೇಳಿದ್ದ. ಯಾರಿಗೆ ಹೊತ್ತಿದೆ?

ಅದನ್ನು ತಳ್ಳುತ್ತಿದ್ದವನು ಕಟ್ಟೆಗೂ ಬರುವುದಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಾನೆ. ಏಳು ಅಂದರೆ ಏಳುತ್ತಾನೆ, ಉಣ್ಣು ಅಂದರೆ ಉಣ್ಣುತ್ತಾನೆ. ತುತ್ತು ಬಾಯಿಗೆ ಹೋದ ಮೇಲೆ ನುಂಗುವ ಮುಂಚೆ ನನ್ನ ಮುಖ ನೋಡುತ್ತಾನೆ. ಲೇ ಅನ್ನುವುದನ್ನೂ ಬಿಟ್ಟಿದ್ದಾನೆ. ನೀರು ಬೇಕಾದರೆ ಸುಮ್ಮನೆ ತಂಬಿಗೆಯ ಕಡೆ ನೋಡುತ್ತಾನೆ. ನಾನು ಕಂಡರೆ ಕೊಡುತ್ತೇನೆ.

ಮನೆ ಶಾಂತವಾಗಿದೆ. ಎಲ್ಲ ಬೀರಪ್ಪನ ದಯೆ.

ಆಗಸ್ಟ್ ೮, ಗುರುವಾರ

ಬಹಳ ದಿನದ ಮೇಲೆ ಸಂಧ್ಯಾ ಬಂದಿದ್ದಳು. ಕಾಲು ಒತ್ತಿದಳು, ಮಡಚಿದಳು, ಅಂಗಾಲಿಗೆ ಕೈ ಕೊಟ್ಟು ದೂಡಿ ಅಂದಳು. "ಬಲ ಹೋಗಿಲ್ಲ ಕಾಕೂ. ಕಾಲ ಬಂದೈತಿ. ಮನಸ ಬರವಲ್ದು. ನಾ ಬರದ ದಿನದಾಗ ಏನಾತು?"

"ದೇವರ ಕುರಿ ಬಂದಿದ್ವು" ಅಂದೆ. "ಹುಲ್ಲ ಹೋತು. ಅಷ್ಟ."

ಹೊರಗೆ ಹೋಗಿ ಆ ಜಾಗ ನೋಡಿ ಬಂದಳು. "ಅಷ್ಟ ಹೌದಲ್ಲ? ಅದಕ್ಯಾಕ ಇಷ್ಟ ಚಿಂತಿ! ನರ್ಸರ್ಯಾಗ ಹುಲ್ಲಿಂದ ಹಾಸಿಗೀನ ಸಿಗತಾವ. ಚಾಪಿ ಸುತ್ತಿದಂಗ ಸುತ್ತಿ ಕೊಡತಾರ. ತಂದು ಹಾಸಿದ್ರ ಮುಗೀತು, ಸ್ವಲ್ಪ ದಿನದಾಗ ಬೇರ ಹಿಡೀತೈತಿ. ಇನ್ನೂ ಮಳಿಗಾಲ ಐತಿ." ಹೊರಸಿನ ಪಕ್ಕ ಮಂಡಿಯೂರಿ ಕುಳಿತಳು. "ಕಾಕಾರ, ಹೊಸಾ ಹುಲ್ಲ ಹಾಸಸೂಣು? ಮತ್ತ ಮಷಿನ್ ಹಿಡೀತೀರಿ?"

ಅವನು ಗೋಡೆಯಿಂದ ಈ ಕಡೆ ಹೊರಳಿದ. ಎಷ್ಟು ದಿನದ ಮೇಲೆ ಹೊರಳಿದ್ದು. ಹೊದಿಕೆಯ ಮೇಲಿದ್ದ ಎಡಗೈಯ ಬೆರಳು ಮಡಚಿಕೊಂಡವು, ಏನನ್ನೋ ಹಿಡಿದ ಹಾಗೆ. ಬಲಗೈಯ ಬೆರಳೂ ಒಂದಿಷ್ಟು ಮಡಚಿದವು. ಸಂಧ್ಯಾ ಅದನ್ನು ಕಂಡು, "ನೋಡ್ರಿ ಕಾಕೂ, ನೋಡ್ರಿ!" ಅಂದಳು.

ನಾಳೆ ಪಂಚಮಿ. ಉಂಡಿಗೆ ಎಳ್ಳು ಹಸನು ಮಾಡುತ್ತಿದ್ದೆ. ಈ ಸಲದ ಎಳ್ಳಿನಲ್ಲಿ ಕಲ್ಲು ಬಹಳ. ತಲೆ ಎತ್ತಿದರೆ ತಪ್ಪಿಹೋಗುತ್ತದೆ.

"ನನ್ನ ಕಡೆ ನೋಡಿ ಹೇಳ್ರಿ ಕಾಕಾರ. ಕಾಕೂನ ಮುಖ ಯಾಕ ನೋಡತೀರಿ? ಹೂಂ ಅಂತೀರಿ, ಊಹೂಂ ಅಂತೀರಿ?"

ಮೊರ ಕೇರಿದೆ. ಕಲ್ಲು ಒಂದು ಕಡೆಗೆ ಬಂದವು, ಒಂದೊಂದಾಗಿ ಹೆಕ್ಕಿ ಹೊರಗೆ ಹಾಕಿದೆ. ಸಂಧ್ಯಾ ಕಾದಳು. ಅವನ ಕಣ್ಣು ನನ್ನ ಮೇಲೆಯೇ ಇದ್ದದ್ದು ನನಗೆ ಗೊತ್ತಾಗುತ್ತಿತ್ತು. ನಾನು ಮತ್ತೊಮ್ಮೆ ಕೇರಿದೆ.

ಅವನ ಬೆರಳು ಬಿಚ್ಚಿಕೊಂಡವು. ಊಹೂಂ ಎಂದು ತಲೆ ಅಲ್ಲಾಡಿಸಿದ. ಸಂಧ್ಯಾ ಇನ್ನೊಮ್ಮೆ ಕೇಳಿದಳು. ಇನ್ನೊಮ್ಮೆ ಊಹೂಂ. ಆಮೇಲೆ ಗೋಡೆಯ ಕಡೆ ಹೊರಳಿದ.

ಸಂಧ್ಯಾ ಚೀಲ ಎತ್ತಿಕೊಂಡು ಎದ್ದಳು. ಉಂಡಿ ಕಟ್ಟಿದ ಮೇಲೆ ಬಾ ಅಂದೆ, ತಿರುಗಿ ನೋಡದೆ ಗೇಟು ದಾಟಿದಳು.

ಸಂಜೆ ದೀಪ ಹಚ್ಚಿ ಬೀರಪ್ಪನಿಗೆ ಎಲ್ಲವನ್ನೂ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವನೇ ಬೇಡ ಅಂದಾನಪ್ಪಾ, ನಾನು ಒಂದು ಮಾತೂ ಆಡಿಲ್ಲ, ನೀನೇ ನೋಡೀದಿ.